ಎರಡು ಆಪರೇಷನ್ನಿಗೂ ‘ಆಗ್ಲಿ’ ಅಂದವಳು

“ಬಗ್ಗಿ...! ಸ್ವಲ್ಪ ಬಗ್ಗಿ ನಡೀರಿ!”

ಕಿನಾಂತಿ ಹಲ್ಲು ಕಚ್ಚಿಕೊಂಡೇ ಪಿಸುಗುಟ್ಟಿದಳು. ಮುಖದ ಮೇಲಿನ ನಗು ಮಾತ್ರ ಹಾಗೇ ಇತ್ತು. ಮದುಮಗಳನ್ನು ಸಿಂಗರಿಸುವವಳು ಮದುವೆಮನೆಯಲ್ಲಿ ಸಿಟ್ಟಾಗಬಾರದು ಎಂದು ಅವಳ ಅಮ್ಮ ಹದಿನೈದು ವರ್ಷದಿಂದ ತಲೆಗೆ ತುಂಬಿದ್ದಳು.

ಎದುರಿನ ಆಸಾಮಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ.

ಸೋಲೊ ಊರಿನ ಹಿರಿಯರೆಲ್ಲ ಎರಡು ಸಾಲಾಗಿ ಚಾಪೆಯ ಮೇಲೆ ಕೂತಿದ್ದರು. ಅವರ ನಡುವೆ ಹಾದುಹೋಗುವವರು ಬೆನ್ನು ಬಗ್ಗಿಸಿ, ಬಲಗೈ ಮುಂದೆ ಚಾಚಿ, ದಾರಿ ಬೇಡುತ್ತಾ ನಡೆಯಬೇಕು. ನಮ್ಮಲ್ಲಿ ಮೇಯರ್ ಕೂಡ ಬಗ್ಗುತ್ತಾರೆ, ಮೂರು ವರ್ಷದ ಮಗುವೂ ಬಗ್ಗುತ್ತದೆ. ಈ ಮನುಷ್ಯ ಮಾತ್ರ ಬಾವುಟದ ಕಂಬಕ್ಕೆ ಕಾಲು ಬಂದ ಹಾಗೆ ನೆಟ್ಟಗೆ ನಡೆದುಬಂದ!

“ಯಾರಿವನು?” ಎಂದು ಒಬ್ಬ ಅಜ್ಜಿ ಕೇಳಿದಳು.

“ಗಾಂಗ್ ಶ್ರುತಿ ಮಾಡೋನಂತೆ. ಸೇನೊ ಅಂತ ಹೆಸರು.”

“ಗಾಂಗಿಗೆ ಶ್ರುತಿ ಇದ್ರೆ ಸಾಕಾ? ಮೈಗೆ ಬೇಡ್ವಾ?”

ಕಿನಾಂತಿಗೆ ತಡೆಯಲಾಗಲಿಲ್ಲ. ತೂಗುಹಾಕಿದ ದೊಡ್ಡ ಕಂಚಿನ ಗಾಂಗಿನ ಪಕ್ಕ ನಿಂತು ಅದರ ನಾದಕ್ಕೆ ಕಿವಿಗೊಟ್ಟಿದ್ದವನ ಹತ್ತಿರ ಹೋಗಿ, ನಮ್ಮೂರಲ್ಲಿ ಗಂಡಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ ‘ಮಾಸ್’ ಎಂದೇ ಕರೆದಳು.

“ಮಾಸ್, ವಾಪಸ್ ಹೋಗುವಾಗ ದಯವಿಟ್ಟು ಬಗ್ಗಿ ಹೋಗ್ತೀರಾ?”

ಅವನೂ ಅಷ್ಟೇ ಮರ್ಯಾದೆಯಿಂದ, ತುಂಬು ನಗೆಯಿಂದ, “ಆಗ್ಲಿ ಮ್ಬಾಕ್, ಆಗ್ಲಿ” ಎಂದ.

ಎಂದವನು ಅದೇ ದಾರಿಯಲ್ಲಿ, ಅಷ್ಟೇ ನೆಟ್ಟಗೆ ಹೊರಟ!

‘ಅಬ್ಬಾ, ಎಂಥ ಕೊಬ್ಬು!’ ಕಿನಾಂತಿಯ ಕಿವಿ ಬಿಸಿಯಾಯಿತು. ‘ಬಗ್ಗೋದು ಹೇಗೆ ಅಂತ ತೋರಿಸಿಯೇ ಬಿಡ್ತೀನಿ!’ ಅವಳು ದಾಪುಗಾಲಿಟ್ಟು ಅವನ ಮುಂದೆ ಬಂದು, ಹಿರಿಯರ ಕಡೆ ಕೈ ಚಾಚಿ, ಸೊಂಟದವರೆಗೂ ಬಾಗಿದಳು.

ಕಟಕ್.

ಅಷ್ಟೇ. ಆಮೇಲೆ ಏಳಲಾಗಲಿಲ್ಲ.

ಸೊಂಟದ ಬುಡದಲ್ಲಿ ಬೆಂಕಿ ಹಚ್ಚಿದಂತಾಯಿತು. ಕಣ್ಣಲ್ಲಿ ನೀರು ತುಂಬಿತು. ಹಿರಿಯರಿಗೆ ಇದೇನೂ ತಿಳಿಯಲಿಲ್ಲ.

“ನೋಡಿ, ನೋಡಿ! ಎಷ್ಟು ವಿನಯ! ಇನ್ನೂ ತಲೆ ಎತ್ತಿಲ್ಲ!”

“ಬು ಮುರ್ತಿ ಮಗಳಲ್ವಾ? ಆಗಿನ ಕಾಲದ ಸಂಸ್ಕಾರ!”

ಕಿನಾಂತಿಗೆ ಕಾಣುತ್ತಿದ್ದದ್ದು ಚಾಪೆ, ಮತ್ತೆ ಅವಳ ಹತ್ತಿರ ಬಂದು ನಿಂತ ಎರಡು ಪಾದ. ಮೇಲಿನಿಂದ ಮೆಲ್ಲನೆ ಒಂದು ದನಿ ಕೇಳಿಸಿತು.

“ಸೊಂಟದ ಕೊನೇ ಗಿಣ್ಣಾ?”

“ಏನಿಲ್ಲ. ಆರಾಮಾಗಿದ್ದೀನಿ.”

“ಆರಾಮಾಗಿರೋರು ನನ್ನ ಕಾಲ್ಬೆರಳ ಜೊತೆ ಮಾತಾಡಲ್ಲ. ನನ್ನ ತೋಳು ಹಿಡ್ಕೊಳ್ಳಿ. ಎಳೀಬೇಡಿ, ಸುಮ್ನೆ ಆತುಕೊಳ್ಳಿ. ನಿಧಾನ...”

ಇಬ್ಬರೂ ಹಾಗೇ ಹೊರಟರು, ಒಬ್ಬಳು ಅರ್ಧಕ್ಕೆ ಮಡಿಸಿದವಳು, ಇನ್ನೊಬ್ಬ ಮಡಚಲೇ ಬಾರದವನು. ಅವಳ ವಿನಯ ಕಂಡು ಇಡೀ ಸಭೆ ತಲೆದೂಗಿತು.

ಹಿತ್ತಿಲ ಜಗಲಿಗೆ ಬಂದ ಮೇಲೆ ಅವನು ತನ್ನ ಜಾಕೀಟಿನ ಮೇಲೆ ಬೆರಳಿನಿಂದ ಬಡಿದ. ಟಕ್ ಟಕ್ ಎಂದಿತು.

“ಒಳಗೆ ಬೆಲ್ಟು. ಮೂರು ತಿಂಗಳ ಹಿಂದೆ ಬೆನ್ನಿನ ಆಪರೇಷನ್ ಆಯ್ತು. ಕುಲುಮೇಲಿ ಗಾಂಗ್ ಬಡಿದೂ ಬಡಿದೂ ಮೂಳೆ ಜಾರಿತ್ತು. ಎರಡು ಗಿಣ್ಣು ಬೆಸೆದು ಆರು ಸ್ಕ್ರೂ ಹಾಕಿದ್ದಾರೆ. ಡಾಕ್ಟರು ಅನುಮತಿ ಕೊಡೋವರೆಗೂ ಬಗ್ಗೋ ಹಾಗಿಲ್ಲ.”

ಕಿನಾಂತಿಯ ಮುಖ ಕೆಂಪಾಯಿತು. “ಮತ್ತೆ... ಬಗ್ತೀರಾ ಅಂದಾಗ ಆಗ್ಲಿ ಅಂದ್ರಿ!”

“ಇನ್ನೇನು ಅನ್ಲಿ? ಮದುವೆ ಮನೇಲಿ ನನ್ನ ಸ್ಕ್ರೂ ಪುರಾಣ ಬಿಚ್ಚೋಕಾಗುತ್ತಾ? ಮುಖದ ಮೇಲೆ ‘ಆಗಲ್ಲ’ ಅನ್ನೋಕೆ ಸಂಕೋಚ.” ಅವನ ದನಿ ಇಳಿಯಿತು. “ನಿಮಗೆ ಎಷ್ಟು ದಿನದಿಂದ ನೋವು?”

ಅಷ್ಟು ಕೇಳಿದ್ದೇ ತಡ, ಕಿನಾಂತಿ ಅತ್ತುಬಿಟ್ಟಳು.

ನಾಲ್ಕು ವರ್ಷ! ಪ್ರತಿ ಮದುವೆಯಲ್ಲೂ ಕುಕ್ಕರುಗಾಲಲ್ಲಿ ಕೂತು ಮದುಮಗಳ ಬಟ್ಟೆಯ ನೆರಿಗೆಯನ್ನು ಕಾಲ್ಬೆರಳವರೆಗೆ ತೀಡುವಾಗ ಅವಳು ಜೀವ ಹಿಡಿದುಕೊಂಡು ಕೆಲಸ ಮಾಡುತ್ತಿದ್ದಳು. ಒಂದೂವರೆ ವರ್ಷ ವ್ಯಾಯಾಮ, ಎರಡು ಸಲ ಇಂಜೆಕ್ಷನ್, ಅಮ್ಮ ಕರೆತರುವ ಮಾಲೀಸಿನವನ ಗುದ್ದು... ಎಲ್ಲ ಆಗಿತ್ತು. ಕೇಳಿದವರಿಗೆಲ್ಲ ‘ಆರಾಮ’ ಎನ್ನುತ್ತಾ ಬಂದಿದ್ದಳು. ಎಷ್ಟು ದಿನದಿಂದ ಎಂದು ಯಾರೂ ಕೇಳಿರಲಿಲ್ಲ.

“ಡಾಕ್ಟರ್ ಟೊಗಾರ್ ಹತ್ರ ಹೋಗಿ,” ಎಂದ ಸೇನೊ. “ತೋಬಾ ಕಡೆಯವರು. ಸ್ವಲ್ಪ ಜೋರು, ಕೈ ಮಾತ್ರ ಚಿನ್ನ.”

*

ಜೋರು ಎಂದರೆ ಸಾಮಾನ್ಯ ಜೋರಲ್ಲ. ಡಾಕ್ಟರ್ ಟೊಗಾರ್ ಗುಟ್ಟು ಹೇಳಿದರೂ ಮೂರನೇ ವಾರ್ಡಿಗೆ ಕೇಳಿಸುತ್ತಿತ್ತು. ತೋಬಾ ಸರೋವರದ ಕಡೆಯ ಜನ ಅನಿಸಿದ್ದನ್ನು ಅನಿಸಿದ ಹಾಗೆ ಆಡುತ್ತಾರೆ. ನಾವು ಸೋಲೊದವರು ಹಾಗಲ್ಲ. ಮನಸ್ಸಿನಲ್ಲಿ ಇರುವುದೊಂದು ಬಿಟ್ಟು ಬೇರೆಲ್ಲ ಹೇಳುತ್ತೇವೆ!

ಸ್ಕ್ಯಾನು, ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಎರಡು ಚಹಾ ಲೋಟಗಳ ನಡುವೆ ಒಂದು ಹತ್ತಿಯುಂಡೆ ಇಟ್ಟರು.

“ಲೋಟ ಅಂದ್ರೆ ಮೂಳೆ. ಹತ್ತಿ ಅಂದ್ರೆ ಡಿಸ್ಕು. ನಿಮ್ಮದು ಹೀಗಾಗಿದೆ!” ಎಂದು ಲೋಟ ಒತ್ತಿ ಹತ್ತಿಯನ್ನು ಚಪ್ಪಟೆ ಮಾಡಿದರು. ಕಿನಾಂತಿ ಬೆಚ್ಚಿದಳು.

“ಎರಡು ದಾರಿ. ಒಂದು, ಫ್ಯೂಷನ್. ಸವೆದ ಡಿಸ್ಕು ತೆಗೆದು, ಮೂಳೆಚೂರು ತುಂಬಿ, ಸ್ಕ್ರೂ ಬಿಗಿದು, ಎರಡು ಮೂಳೇನ ಒಂದು ಮಾಡೋದು. ಅಲ್ಲಿ ಅಲುಗಾಟ ನಿಲ್ಲುತ್ತೆ. ಮರಗಟ್ಟಿ ಹೋಗ್ತೀನಿ ಅಂತ ಹೆದರಬೇಡಿ, ಗಾಯ ಮಾಗಿದ ಮೇಲೆ ತೊಡೆಸಂದಿಂದ ಬಗ್ಗಬಹುದು. ಆದ್ರೆ ಮೇಲಿನ ಗಿಣ್ಣಿಗೆ ಕೆಲಸ ಜಾಸ್ತಿ, ಮುಂದೊಂದು ದಿನ ಅದು ತಕರಾರು ತೆಗೀಬಹುದು. ಸರೀನಾ?”

“ಆಗ್ಲಿ ಡಾಕ್ಟ್ರೇ.”

“ಎರಡು, ಕೃತಕ ಡಿಸ್ಕು. ಹೊಟ್ಟೆ ಕಡೆಯಿಂದ ಹೋಗಿ, ಲೋಹದ ಎರಡು ಬಿಲ್ಲೆ, ನಡುವೆ ಪ್ಲಾಸ್ಟಿಕ್ ತುಂಡು ಕೂರಿಸೋದು. ಅಲುಗಾಟ ಉಳಿಯುತ್ತೆ. ಎಲ್ರಿಗೂ ಒಗ್ಗಲ್ಲ. ಮೂಳೆ ಜಾರಿದ್ರೆ ಆಗಲ್ಲ, ಹಿಂದಿನ ಕೀಲು ಸವೆದಿದ್ರೂ ಆಗಲ್ಲ. ನಿಮಗೆ ಮೂವತ್ಮೂರು, ಮೂಳೆ ಗಟ್ಟಿ, ಹಾಳಾಗಿರೋದು ಒಂದೇ ಡಿಸ್ಕು. ಹಾಗಾಗಿ ನಿಮಗೆ ಆಗುತ್ತೆ. ಮುಂದೆ ಅದೂ ಸವೀಬಹುದು, ಆಗ ಇನ್ನೊಂದು ಆಪರೇಷನ್ ಬೇಕಾಗಬಹುದು. ಯಾವುದರಲ್ಲೂ ನೋವು ಪೂರ್ತಿ ಹೋಗುತ್ತೆ ಅಂತ ನಾನು ಬರ್ಕೊಡಲ್ಲ. ಸರೀನಾ?”

‘ಇದೇ! ಇದೇ ಬೇಕು!’ ಕಿನಾಂತಿಯ ಎದೆ ಕೂಗಿತು. ದಿನವಿಡೀ ಬಗ್ಗಿ ಏಳುವ ಕೆಲಸ ತನ್ನದು. ಆ ಭಾರವನ್ನೆಲ್ಲ ಮೇಲಿನ ಗಿಣ್ಣಿನ ತಲೆಗೆ ಕಟ್ಟಿದರೆ ಇನ್ನು ಹತ್ತು ವರ್ಷಕ್ಕೆ ಮತ್ತೆ ಇದೇ ಗೋಳು! ಆದರೆ ದೊಡ್ಡ ಡಾಕ್ಟರು ಮೊದಲು ಹೇಳಿದ್ದನ್ನು ಬೇಡವೆನ್ನುವುದು ಹೇಗೆ? ಅವರಿಗೆ ಬೇಜಾರಾದರೆ?

“ಆಗ್ಲಿ ಡಾಕ್ಟ್ರೇ.”

“ಯಾವುದು ಆಗ್ಲಿ?”

“ತಾವು ಹೇಳಿದ್ದು.”

“ನಾನು ಎರಡೂ ಹೇಳ್ದೆ!”

“ಆಗ್ಲಿ.”

ಡಾಕ್ಟರು ಅವಳ ಮುಖವನ್ನೇ ನೋಡಿದರು. “ಸರಿ. ಮೊದಲು ಆಗ್ಲಿ ಅಂದಿದ್ದು ಫ್ಯೂಷನ್ನಿಗೆ, ನನ್ನ ಕೈ ಪಳಗಿರೋದೂ ಅದರಲ್ಲೇ. ಬರೋ ತಿಂಗಳು ಹದಿನೇಳನೇ ತಾರೀಕು. ಹಿಂದಿನ ದಿನ ಬಂದು ಸೇರ್ಕೊಳ್ಳಿ.”

ಹೀಗೆ, ಬೇಡದ ಆಪರೇಷನ್ನಿನ ಚೀಟಿಯನ್ನು ಎರಡೂ ಕೈಯಲ್ಲಿ ಪಡೆದು, ಧನ್ಯವಾದ ಹೇಳಿ, ಕಿನಾಂತಿ ಹೊರಗೆ ಬಂದಳು.

*

ಸೇನೊ ಅವಳನ್ನು ನೋಡಲು ಬರತೊಡಗಿದ. ಮೊದಲ ದಿನ ಆಸ್ಪತ್ರೆಯ ಸುದ್ದಿ ಕೇಳಲೆಂದು ಬಂದ. ಎರಡನೆಯ ದಿನ ಕೊಡೆ ಮರೆತಿದ್ದೇನೆಂದು ಬಂದ. ಅವನು ಕೊಡೆ ತಂದೇ ಇರಲಿಲ್ಲ. ಮೂರನೆಯ ದಿನ ತೆಂಗಿನಹಾಲಿನ ಬಿಸಿ ಸೆರಾಬಿ ದೋಸೆ ಕಟ್ಟಿಸಿಕೊಂಡು ಬಂದ. ಆಮೇಲೆ ನೆಪ ಹುಡುಕುವುದನ್ನೇ ಬಿಟ್ಟ.

ಹಾಸಿಗೆಯಿಂದ ಎದ್ದೇಳುವ ರೀತಿಯನ್ನು ಅವನು ಜಗಲಿಯ ಬೆಂಚಿನ ಮೇಲೆ ಮಲಗಿ ತೋರಿಸಿಕೊಟ್ಟ. “ಮೊದ್ಲು ಪಕ್ಕಕ್ಕೆ ಹೊರಳಿ. ಮರದ ದಿಮ್ಮಿ ಹೊರಳಿದ ಹಾಗೆ, ಇಡೀ ಮೈ ಒಟ್ಟಿಗೆ. ಆಮೇಲೆ ಕಾಲು ಕೆಳಗೆ. ಕೈ ಊರಿ...”

ಹೇಳುತ್ತಾ ಹೇಳುತ್ತಾ ದಿಮ್ಮಿ ಬೆಂಚಿನಿಂದ ಕೆಳಗೇ ಬೀಳುವುದರಲ್ಲಿತ್ತು. ಕಿನಾಂತಿ ಹಿಡಿದುಕೊಂಡಳು. ಅವನ ಬೆಲ್ಟು ಅವಳ ಬಳೆಗೆ ತಗುಲಿ ಟಣ್ ಎಂದಿತು. ಇಬ್ಬರೂ ನಗು ತಡೆಯಲಾಗದೆ ಸೊಂಟ ಹಿಡಿದುಕೊಂಡರು. ನಕ್ಕರೂ ನೋಯುವ ಸೊಂಟ ಇಬ್ಬರದೂ!

ಬೆಂಕಿಯ ಮುಂದೆ ಸುತ್ತಿಗೆ ಎತ್ತುವ ಕೆಲಸ ತನಗೆ ಇನ್ನಿಲ್ಲವೆಂದು ಅವನು ಒಂದು ದಿನ ಹೇಳಿದ. ಅಪ್ಪನಿಂದ ಬಂದ ಕೆಲಸ. ಈಗ ಬೇರೆಯವರು ಬಡಿದ ಗಾಂಗಿಗೆ ಶ್ರುತಿ ಮಾತ್ರ ಕೂಡಿಸುತ್ತಾನೆ.

“ಬೇಜಾರಾಗುತ್ತಾ?” ಎಂದು ಕೇಳಿದಳು.

“ಆಗುತ್ತೆ. ಆದ್ರೆ ಬೆಳಿಗ್ಗೆ ಏಳುವಾಗ ಕಿರುಚಲ್ಲ ಈಗ. ಅದೇನು ಕಮ್ಮೀನಾ?”

ಆ ಮಾತು ಹೇಳಿದಾಗ ಅವನ ಕಣ್ಣು ತೇವವಾಗಿತ್ತು. ಅವತ್ತೇ ಕಿನಾಂತಿಗೆ ಗೊತ್ತಾಯಿತು, ಅವಳು ಅವನನ್ನು ಪ್ರೀತಿಸುತ್ತಿದ್ದಾಳೆ. ಸುಮ್ಮನೆ ಅಲ್ಲ, ಬಹಳ ಪ್ರೀತಿಸುತ್ತಿದ್ದಾಳೆ.

ಆಪರೇಷನ್ನಿಗೆ ಹತ್ತು ದಿನ ಉಳಿದಿತ್ತು. ಸೇನೊ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಮಲ್ಲಿಗೆ ಚಹಾ ಮುಟ್ಟಲಿಲ್ಲ. ಕಿವಿ ಕೆಂಪಾಗಿತ್ತು.

“ಮ್ಬಾಕ್ ಕಿನಾಂತಿ... ನಿಮ್ಮ ಅಮ್ಮನ ಹತ್ರ... ನಮ್ಮ ವಿಷಯ... ನಾನು ಮಾತಾಡ್ಲಾ?”

ಕಿನಾಂತಿಯ ಎದೆ ಡವಗುಟ್ಟಿತು! ಸಂತೋಷಕ್ಕೆ ಬಾಯಿ ತಡೆಯಲೇ ಇಲ್ಲ. ಮುಖವರಳಿಸಿ, ಅವನ ಕಣ್ಣು ನೋಡಿ, ಕೂಡಲೇ ಅಂದುಬಿಟ್ಟಳು:

“ಆಗ್ಲಿ ಮಾಸ್!”

ಸೇನೊನ ಮುಖ ಬಿಳಿಚಿಕೊಂಡಿತು.

“ಅರ್ಥ ಆಯ್ತು,” ಎಂದ ಮೆಲ್ಲಗೆ. “ತೊಂದರೆ ಕೊಟ್ಟೆ... ಕ್ಷಮಿಸಿ.” ದಿಮ್ಮಿಯಂತೆ ಎದ್ದು ನಿಂತು, ನೆಟ್ಟಗೆ ಗೇಟಿನವರೆಗೆ ನಡೆದು, ಹೊರಟೇಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ವಾರ ಕಳೆಯಿತು... ಗೇಟಿನ ಸದ್ದಾದಾಗಲೆಲ್ಲ ಕಿನಾಂತಿ ಹೊರಗೆ ಓಡಿ ಓಡಿ ಬೆನ್ನು ಇನ್ನಷ್ಟು ಹಾಳಾಯಿತು. ‘ನಾನೇನು ತಪ್ಪು ಮಾಡ್ದೆ? ಒಪ್ಪಿದೆನಲ್ಲ!’

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅಮ್ಮ ಬು ಮುರ್ತಿ ಪಕ್ಕದಲ್ಲಿ ಕೂತು ವಿಚಾರಣೆ ಶುರುಮಾಡಿದಳು.

“ಅವನು ಕೇಳ್ದ. ನೀನು ಏನಂದೆ?”

“ಆಗ್ಲಿ ಅಂದೆ.”

“ಎಷ್ಟನೇ ಸಲಕ್ಕೆ?”

“ಮೊದಲನೇ ಸಲಕ್ಕೇ.”

“ನಗ್ತಾ?”

“ಹೂಂ.”

“ಕಣ್ಣು ನೋಡಿ?”

“ಹೂಂ ಅಮ್ಮಾ!”

ಬು ಮುರ್ತಿ ಹಣೆ ಚಚ್ಚಿಕೊಂಡಳು. “ಅಯ್ಯೋ ದಡ್ಡೀ! ಅವನನ್ನ ಕತ್ತು ಹಿಡಿದು ಹೊರಗೆ ಹಾಕ್ದಂಗಾಯ್ತಲ್ಲೇ!”

ನಮ್ಮೂರಿನ ಪದ್ಧತಿ ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಲೋಟ ಚಹಾ ಕೊಟ್ಟರೂ ನಾವು ಎರಡು ಸಲ ಬೇಡ ಅಂದು, ಮೂರನೇ ಸಲಕ್ಕೆ ತೆಗೆದುಕೊಳ್ಳುವವರು. ಕೇಳಿದ ತಕ್ಷಣ ನಗುತ್ತಾ ಒಪ್ಪಿದರೆ, ‘ಮಾತು ಇಲ್ಲಿಗೆ ಮುಗೀತು, ನೀವಿನ್ನು ಹೊರಡಿ’ ಎಂದು ತಿಳಿಯುವುದು.

“ನಿಮ್ಮಪ್ಪ ಕೇಳಿದಾಗ ನಾನು ಎರಡು ಸಲ ಇಲ್ಲ ಅಂದೆ. ಮೂರನೇ ಸಲಕ್ಕೆ ನೆಲ ನೋಡ್ದೆ. ಅವರಿಗೆ ಗೊತ್ತಾಯ್ತು. ನೀನು ನೋಡಿದ್ರೆ ಅಂಗಡಿಯೋಳ ಥರ...” ಅಮ್ಮನಿಗೆ ತಟ್ಟನೆ ಏನೋ ಹೊಳೆಯಿತು. “ಏಯ್! ಡಾಕ್ಟರ ಹತ್ರಾನೂ ಹೀಗೇ ಅಂದ್ಯಾ?”

“ಹೂಂ... ಆದ್ರೆ ನನಗೆ ಫ್ಯೂಷನ್ ಬೇಡ ಅಮ್ಮ. ಎರಡನೇದು ಬೇಕಿತ್ತು.”

“ಅವರು ತೋಬಾದವರು ಕಣೇ! ನಿಜ ಅಂದ್ಕೊಂಡಿರ್ತಾರೆ!”

“ಇವರು ಸೋಲೊದವರು, ಸುಳ್ಳು ಅಂದ್ಕೊಂಡ್ರು!”

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ನಗುವುದೋ ಅಳುವುದೋ ತಿಳಿಯದೆ ಇಬ್ಬರೂ ಎರಡನ್ನೂ ಮಾಡಿದರು.

*

ಆಸ್ಪತ್ರೆಯ ಮಂಚದ ಮೇಲೆ ಡಾಕ್ಟರ್ ಟೊಗಾರ್ ಒಪ್ಪಿಗೆ ಪತ್ರ ಇಟ್ಟರು. “ನಾಳೆ ಬೆಳಿಗ್ಗೆ ಎಂಟಕ್ಕೆ. ಇಲ್ಲಿ ಸಹಿ.”

ಕಿನಾಂತಿ ಪೆನ್ನು ಹಿಡಿದಳು. ‘ಸುಮ್ನೆ ಸಹಿ ಮಾಡಿಬಿಡು... ಇಷ್ಟೆಲ್ಲ ತಯಾರಿ ಮಾಡಿದ್ದಾರೆ... ಬೇಜಾರು ಮಾಡ್ಕೋತಾರೆ...’ ಸಹಿಯ ಮೊದಲ ಅಕ್ಷರ ಬರೆದೂ ಬಿಟ್ಟಳು. ಅಲ್ಲಿಗೇ ನಿಲ್ಲಿಸಿದಳು. ಬೆನ್ನು ಅವಳದು! ನಾಳೆಯಿಂದ ಅದನ್ನು ಹೊತ್ತು ತಿರುಗುವವಳು ಅವಳು!

“ಬೇಡ.”

“ಏನಂದ್ರಿ?”

“ಬೇಡ ಡಾಕ್ಟ್ರೇ! ಫ್ಯೂಷನ್ ಬೇಡ! ನನಗೆ ಕೃತಕ ಡಿಸ್ಕೇ ಬೇಕು! ಅವತ್ತೇ ಬೇಕಿತ್ತು! ಹೇಳೋಕೆ ಧೈರ್ಯ ಬರ್ಲಿಲ್ಲ!” ಕಿರುಚಿದವಳೇ ಬಾಯಿ ಮುಚ್ಚಿಕೊಂಡಳು. ಈಗ ಬೈಯುತ್ತಾರೆ...

ಡಾಕ್ಟರು ಎರಡೂ ಕೈ ಮೇಲೆತ್ತಿದರು. “ಸಿಸ್ಟರ್! ಎಲ್ರೂ ಬನ್ನಿ ಇಲ್ಲಿ! ಹನ್ನೊಂದು ವರ್ಷ ಆಯ್ತು ನಾನು ಈ ಊರಿಗೆ ಬಂದು. ಇವತ್ತು ಮೊದಲನೇ ಸಲ ಒಬ್ರು ನನಗೆ ‘ಬೇಡ’ ಅಂದ್ರು!” ಆಮೇಲೆ ಕುರ್ಚಿ ಎಳೆದು ಹತ್ತಿರ ಕೂತು, ಅವರ ಲೆಕ್ಕದಲ್ಲಿ ಮೆಲ್ಲಗೆ ಹೇಳಿದರು. “ನಿಮ್ಮ ಆಯ್ಕೆ ತಪ್ಪಲ್ಲ. ಆದ್ರೆ ಡಿಸ್ಕು ಕೂರಿಸೋದರಲ್ಲಿ ನನಗಿಂತ ಪಳಗಿದ ಗೆಳತಿ ಸುರಬಾಯಾದಲ್ಲಿದ್ದಾಳೆ. ಅವಳನ್ನ ಕರೆಸ್ತೀನಿ, ನಾನು ಜೊತೆಗಿರ್ತೀನಿ. ಮೂರು ವಾರ ಕಾಯ್ಬೇಕು. ಕಾಯ್ತೀರಾ? ನೋಡಿ, ಆಗ್ಲಿ ಅನ್ಬೇಡಿ!”

“ಕಾಯ್ತೀನಿ!”

ಬಾಯಿಗೆ ಒಮ್ಮೆ ಧೈರ್ಯ ಬಂದರೆ ಅಷ್ಟಕ್ಕೇ ನಿಲ್ಲುತ್ತದೆಯೇ? ಆಸ್ಪತ್ರೆಯಿಂದ ಹೊರಬಿದ್ದವಳು ಬಾಡಿಗೆ ಕಾರು ಹತ್ತಿ ನೇರ ಗಾಂಗಿನ ಕುಲುಮೆಗೆ ಹೋದಳು.

ಐದು ಜನ ಕೆಂಡದ ಸುತ್ತ ನಿಂತು ಸುತ್ತಿಗೆ ಬೀಸುತ್ತಿದ್ದರು. ಸೇನೊ ಮೂಲೆಯಲ್ಲಿ, ಎದೆಯೆತ್ತರಕ್ಕೆ ತೂಗುಹಾಕಿದ ಗಾಂಗಿಗೆ ಕಿವಿ ಹಚ್ಚಿದ್ದ. ಒಂದು ವಾರದಲ್ಲೇ ಸೊರಗಿಹೋಗಿದ್ದ. ಅವಳನ್ನು ಕಂಡು ಗಾಬರಿಯಾದ.

“ಮ್ಬಾಕ್! ನಾಳೆ ಆಪರೇಷನ್ ಅಲ್ವಾ? ಇಲ್ಲಿ ಯಾಕೆ...”

“ಅದು ಮುಂದಕ್ಕೆ ಹೋಯ್ತು. ನೀವು ಅವತ್ತು ಕೇಳಿದ್ರಲ್ಲ, ಅಮ್ಮನ ಹತ್ರ ಮಾತಾಡ್ಲಾ ಅಂತ?”

“ಅದು... ಬಿಡಿ. ನಿಮ್ಮ ಮನಸ್ಸು ಗೊತ್ತಾಯ್ತಲ್ಲ.”

“ಮಣ್ಣು ಗೊತ್ತಾಯ್ತು! ಮಾತಾಡಿ! ಇವತ್ತೇ ಮಾತಾಡಿ! ನನಗೆ ನೀವು ಬೇಕು!”

ಸುತ್ತಿಗೆಯವರಲ್ಲಿ ಒಬ್ಬ ಲಯ ತಪ್ಪಿದ. ಉಳಿದ ನಾಲ್ವರು ಬಡಿಯುವುದನ್ನು ನಿಲ್ಲಿಸಿಯೇಬಿಟ್ಟರು.

ಸೇನೊ ನಂಬಲಾರದೆ ನೋಡಿದ. “ಇದು... ನನಗೆ ಬೇಜಾರಾಗದಿರ್ಲಿ ಅಂತ...”

“ಅಲ್ಲ! ನಿಮ್ಮನ್ನ ಕಂಡ್ರೆ ಇಷ್ಟ. ಬಹಳ ಇಷ್ಟ. ಇನ್ನೇನು ನೆಲ ನೋಡ್ಲಾ? ನೋಡ್ಬಹುದು, ಆದ್ರೆ ಬಗ್ಗಿದ್ರೆ ಏಳೋಕಾಗಲ್ಲ!”

“ಒಪ್ಕೊಳ್ಳಯ್ಯಾ!” ಎಂದು ಕುಲುಮೆಯ ಹಿರಿಯ ಗದರಿದ. “ಕಬ್ಬಿಣ... ಅಲ್ಲ, ಕಂಚು ಆರಿಹೋಗ್ತಿದೆ ಇಲ್ಲಿ!”

ಸೇನೊ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಕಿನಾಂತಿ ಇನ್ನೂ ಹತ್ತಿರ ಬಂದಳು.

“ಭಯ ಆಗ್ತಿದೆ ಮಾಸ್,” ಎಂದಳು ಸಣ್ಣ ದನಿಯಲ್ಲಿ. “ಡಾಕ್ಟರ ಹತ್ರ ಕೂಗಾಡಿ ಕೃತಕ ಡಿಸ್ಕೇ ಆರಿಸ್ಕೊಂಡೆ. ಅದು ನನಗೆ ಒಗ್ಗದೇ ಹೋದ್ರೆ? ನೋವು ಹಾಗೇ ಉಳಿದ್ರೆ? ಕಣ್ಣು ಬಿಟ್ಟಾಗ ನೀವು ಅಲ್ಲಿ ಇರ್ಬೇಕು.”

“ಆಗ್ಲಿ.”

“ಆಗ್ಲಿ ಅಲ್ಲ!”

“ಇರ್ತೀನಿ,” ಎಂದ ಸೇನೊ. “ಒಗ್ಗಿದ್ರೂ ಇರ್ತೀನಿ, ಒಗ್ಗದಿದ್ರೂ ಇರ್ತೀನಿ.”

*

ಮೂರು ವಾರದ ನಂತರ, ಒಂದು ಮಧ್ಯಾಹ್ನ, ಕಿನಾಂತಿ ಕಣ್ಣು ಬಿಟ್ಟಳು.

ಬಾಯಿ ಒಣಗಿತ್ತು. ಹೊಟ್ಟೆಯ ಮೇಲೆ ಪಟ್ಟಿ ಇತ್ತು. ಕಾಲ್ಬೆರಳು ಅಲುಗಿಸಿದಳು. ಅಲುಗಿದವು. ಪಕ್ಕದಲ್ಲಿ ಸೇನೊ ನಿಂತಿದ್ದ. ಬೆಳಿಗ್ಗೆಯಿಂದ ಕೂತೇ ಇಲ್ಲವೆಂದು ಆಮೇಲೆ ಅಮ್ಮ ಹೇಳಿದಳು.

“ಡಾಕ್ಟರು ಚೆನ್ನಾಗಿ ಆಯ್ತು ಅಂದ್ರು. ಆ ದನಿಗೆ ಮೂರೂ ವಾರ್ಡಿನವರು ಚಪ್ಪಾಳೆ ತಟ್ಟಿದ್ರು.” ಆಮೇಲೆ ಅಳುಕುತ್ತಾ ಕೇಳಿದ. “ನೋವಿದ್ಯಾ?”

ಆರಾಮ ಎನ್ನಲು ಬಾಯಿ ತೆರೆದಳು. ಅನ್ನಲಿಲ್ಲ.

“ಇದೆ. ತುಂಬಾ ಇದೆ.” ಕಣ್ಣಂಚಿನಿಂದ ನೀರು ಇಳಿಯಿತು. “ಕೈ ಹಿಡ್ಕೊಳ್ಳಿ.”

ಮಂಚ ತಗ್ಗಿನಲ್ಲಿತ್ತು. ಸೇನೊ ಕೈ ಚಾಚಿದ, ಎಟುಕಲಿಲ್ಲ. ಬಗ್ಗಲು ಅವನಿಗಿನ್ನೂ ಅನುಮತಿ ಸಿಕ್ಕಿರಲಿಲ್ಲ. ಆಚೀಚೆ ನೋಡಿ, ಮಂಚದ ಬದಿಯ ಗುಂಡಿಯೊಂದನ್ನು ಹುಡುಕಿ ಒತ್ತಿದ. ಗುಂಯ್ ಎಂದು ಸದ್ದು ಮಾಡುತ್ತಾ ಮಂಚ ಮೆಲ್ಲಮೆಲ್ಲನೆ ಮೇಲೆದ್ದಿತು. ಕಿನಾಂತಿ ಹಾಸಿಗೆಯ ಸಮೇತ ಅವನ ಕೈಗೆ ಸಿಗುವಷ್ಟು ಎತ್ತರಕ್ಕೆ ಬಂದಳು.

ಅವನು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಸಾಕಾ?” ಎಂದು ಕೇಳಿದ.

“ಸಾಲದು.”

ಸೇನೊ ಇನ್ನೊಮ್ಮೆ ಗುಂಡಿ ಒತ್ತಿದ.